ದೊಡ್ಡ ಪಂದ್ಯ, ದಿನಚರಿಗೆ ಬಿಡುವು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವಕಪ್ಪೋ ಒಲಿಂಪಿಕ್ಸೋ ಬಂತೆಂದರೆ ಟಿವಿ ಮುಂದೆ ಕೂರುವವರಿಗೆ ಒಂದಷ್ಟು ಪ್ರಶ್ನೆಗಳು ಎದುರಾಗುತ್ತವೆ. ಕೆಲವನ್ನು ಮನೆಯವರು ಕೇಳುತ್ತಾರೆ. ಕೆಲವನ್ನು ನಮಗೆ ನಾವೇ ಕೇಳಿಕೊಳ್ಳುತ್ತೇವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೂತು ಆಟ ನೋಡುವುದು ಹೊತ್ತು ಕಳೆಯುವ ಕೆಲಸ ಅಂತ ನನಗೆ ಅನ್ನಿಸಿಲ್ಲ. ಅದು ಯಾಕೆ ಅನ್ನುವುದು ಉತ್ತರಗಳಲ್ಲಿದೆ.

ಯಾರೋ ಆಡುವುದನ್ನು ಸುಮ್ನೆ ಕೂತು ನೋಡಿದರೆ ಅದು ಬಿಡುವು ಹೇಗಾಗುತ್ತದೆ?

ಕೆಲಸ ಮಾಡದೆ ಇದ್ದ ಮಾತ್ರಕ್ಕೆ ಬಿಡುವು ಸಿಗುವುದಿಲ್ಲ. ರಜೆಯ ದಿನವೂ ತಲೆಯೊಳಗೆ ನಾಳೆಯ ಕೆಲಸ, ಕಟ್ಟಬೇಕಾದ ಬಿಲ್ಲು, ಉತ್ತರ ಕೊಡದೆ ಬಿಟ್ಟ ಮೆಸೇಜು ಓಡಾಡುತ್ತಲೇ ಇರುತ್ತವೆ. ಮೈ ಕೂತಿರುತ್ತದೆ, ಮನಸ್ಸು ಕೂತಿರುವುದಿಲ್ಲ. ಒಳ್ಳೆಯ ಪಂದ್ಯ ಮನಸ್ಸನ್ನೂ ಹಿಡಿದು ಕೂರಿಸುತ್ತದೆ. ಪೆನಾಲ್ಟಿ ಒದೆಯುವ ಆಟಗಾರ ಚೆಂಡನ್ನು ಚುಕ್ಕೆಯ ಮೇಲಿಟ್ಟು, ಗೋಲ್‌ಕೀಪರ್ ಕಡೆ ಒಮ್ಮೆ ನೋಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಾಗ ಯಾರಿಗೂ ಬಿಲ್ಲಿನ ನೆನಪಾಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ದಿನಚರಿಯಲ್ಲಿ ಮುಂದೇನು ಅನ್ನುವುದು ಹೆಚ್ಚುಕಡಿಮೆ ಗೊತ್ತೇ ಇರುತ್ತದೆ. ಪಂದ್ಯದಲ್ಲಿ ಶುರುವಾಗುವ ಹೊತ್ತು ಮಾತ್ರ ಗೊತ್ತು, ಮುಗಿಯುವ ಬಗೆ ಗೊತ್ತಿಲ್ಲ. ಅದನ್ನು ಮುಗಿಸುವ ಹೊಣೆಯೂ ನಮ್ಮದಲ್ಲ. ಬೆಳಗ್ಗಿನಿಂದ ರಾತ್ರಿವರೆಗೆ ಒಂದಲ್ಲ ಒಂದು ತೀರ್ಮಾನ ತೆಗೆದುಕೊಂಡು ದಣಿದವರಿಗೆ ಇದು ದೊಡ್ಡ ಆರಾಮ. ಎದೆ ಡವಡವ ಅನ್ನುತ್ತದೆ ನಿಜ. ಆದರೆ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಅನ್ನುವ ತಲೆನೋವು ಬೇರೆಯವರದ್ದು.

ಡೇನಿಯಲ್ ದಯಾನ್ ಮತ್ತು ಎಲಿಹು ಕಾಟ್ಜ್ ಎಂಬ ಇಬ್ಬರು ವಿದ್ವಾಂಸರು ಒಲಿಂಪಿಕ್ಸ್‌ನಂಥ ದೊಡ್ಡ ನೇರ ಪ್ರಸಾರಗಳ ಬಗ್ಗೆ ತುಂಬಾ ಯೋಚಿಸಿದವರು. 1992ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ಇಂಥ ಪ್ರಸಾರಗಳು ಟಿವಿಯ ಹಬ್ಬಗಳು. ಮಾಮೂಲಿ ಕಾರ್ಯಕ್ರಮಗಳು ಬದಿಗೆ ಸರಿಯುತ್ತವೆ, ಜೊತೆಗೆ ನೋಡುವವರ ಮಾಮೂಲಿ ದಿನವೂ ಸರಿಯುತ್ತದೆ. ಜನ ಮೊದಲೇ ತಯಾರಾಗಿ, ನಾಲ್ಕು ಜನರನ್ನು ಸೇರಿಸಿಕೊಂಡು ನೋಡುತ್ತಾರೆ. ಈ ಮಾತು ನನಗೆ ಪೂರ್ತಿ ಒಪ್ಪಿಗೆ.

ಸಿನಿಮಾ ಅಥವಾ ಸೀರಿಯಲ್ ನೋಡಿದರೂ ಬಿಡುವು ಸಿಗುತ್ತಲ್ವಾ? ಪಂದ್ಯದಲ್ಲಿ ಏನು ವಿಶೇಷ?

ಸಿಗುತ್ತದೆ. ಆದರೆ ಸಿನಿಮಾದ ಕೊನೆಯನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಬೇಕಾದಾಗ ನಿಲ್ಲಿಸಬಹುದು, ನಾಳೆ ಮುಂದುವರಿಸಬಹುದು. ಲೈವ್ ಪಂದ್ಯದಲ್ಲಿ ನಮಗೂ ಆಟಗಾರರಿಗೂ ಒಂದೇ ಗಡಿಯಾರ. ಮುಂದಿನ ಕ್ಷಣ ಏನಾಗುತ್ತದೆ ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

2019ರ ಜುಲೈ 14 ನೆನಪಿಸಿಕೊಳ್ಳಿ. ಲಂಡನ್‌ನ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್. ನ್ಯೂಜಿಲೆಂಡ್ 241, ಇಂಗ್ಲೆಂಡ್ ಕೂಡ 241. ಕೊನೆಯ ಓವರ್‌ನಲ್ಲಿ ಎರಡನೇ ರನ್‌ಗೆ ಡೈವ್ ಹೊಡೆದ ಬೆನ್ ಸ್ಟೋಕ್ಸ್ ಬ್ಯಾಟಿಗೆ ಫೀಲ್ಡರ್ ಎಸೆದ ಚೆಂಡು ತಗಲಿ ಬೌಂಡರಿ ದಾಟಿತು. ಸ್ಟೋಕ್ಸ್ ಎರಡೂ ಕೈ ಎತ್ತಿ, ಬೇಕೆಂದು ಮಾಡಿದ್ದಲ್ಲ ಎಂದು ಸನ್ನೆ ಮಾಡಿದರು. ಅಂಪೈರ್ ಆರು ರನ್ ಕೊಟ್ಟರು. ಪಂದ್ಯ ಟೈ ಆಗಿ ಸೂಪರ್ ಓವರ್‌ಗೆ ಹೋಯಿತು. ಇಂಗ್ಲೆಂಡ್ 15 ಹೊಡೆಯಿತು. ಕೊನೆಯ ಚೆಂಡಿಗೆ ನ್ಯೂಜಿಲೆಂಡ್‌ಗೆ ಎರಡು ರನ್ ಬೇಕಿತ್ತು. ಮಾರ್ಟಿನ್ ಗಪ್ಟಿಲ್ ಒಂದು ಓಡಿ ಎರಡಕ್ಕೆ ತಿರುಗಿದರು. ಜೇಸನ್ ರಾಯ್ ಎಸೆದ ಚೆಂಡನ್ನು ಹಿಡಿದ ಜೋಸ್ ಬಟ್ಲರ್ ಸ್ಟಂಪ್ ಬೀಳಿಸಿದರು. ಗಪ್ಟಿಲ್ ಇನ್ನೂ ಕ್ರೀಸ್ ಮುಟ್ಟಿರಲಿಲ್ಲ. ಮತ್ತೆ 15ಕ್ಕೆ 15. ಕೊನೆಗೆ ಬೌಂಡರಿ ಲೆಕ್ಕ ಹಾಕಿ, 26–17ರ ಮೇಲೆ ಇಂಗ್ಲೆಂಡ್‌ಗೆ ಕಪ್ ಕೊಟ್ಟರು. ಆ ನಿಯಮ ಸರಿಯಿಲ್ಲ ಎಂದು ಆವತ್ತು ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಐಸಿಸಿ ಅದನ್ನು ತೆಗೆದುಹಾಕಿತು.

ಅದೇ ಹೊತ್ತಿಗೆ, ಅದೇ ಊರಿನ ಇನ್ನೊಂದು ಕಡೆ ವಿಂಬಲ್ಡನ್ ಟೆನಿಸ್ ಫೈನಲ್ ನಡೆಯುತ್ತಿತ್ತು. ಫೆಡರರ್ ಕೈಯಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಇದ್ದವು. ಅಂದರೆ ಒಂದು ಪಾಯಿಂಟ್ ಗೆದ್ದಿದ್ದರೂ ಕಪ್ಪು ಅವರದ್ದೇ. ಎರಡನ್ನೂ ತಪ್ಪಿಸಿದ ಎದುರಾಳಿ ಜೊಕೊವಿಚ್ 4 ಗಂಟೆ 57 ನಿಮಿಷದ ಮೇಲೆ ಗೆದ್ದರು. ರಿಮೋಟ್ ಹಿಡಿದು ಎರಡು ಚಾನೆಲ್ ನಡುವೆ ಒದ್ದಾಡಿದವರು ಆ ಭಾನುವಾರವನ್ನು ಇನ್ನೂ ಮರೆತಿಲ್ಲ. ಅದರ ಹಿಂದಿನ ಭಾನುವಾರ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ದಿನಾ ಯಾವುದಾದರೂ ಪಂದ್ಯ ಇದ್ದೇ ಇರುತ್ತದೆ. ದೊಡ್ಡ ಟೂರ್ನಿಯೇ ಯಾಕೆ ಬೇಕು?

ದಿನಾ ಇರುವುದು ದಿನಚರಿಯ ಭಾಗವಾಗಿಬಿಡುತ್ತದೆ, ಅದಕ್ಕೆ. ಬೇಸಿಗೆ ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ಏಕದಿನ ಕ್ರಿಕೆಟ್ ವಿಶ್ವಕಪ್, ಈ ಮೂರೂ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಆಟಗಾರನೊಬ್ಬನಿಗೆ ಇಡೀ ಬದುಕಿನಲ್ಲಿ ಎರಡು ಅಥವಾ ಮೂರು ಅವಕಾಶ. ನೋಡುವವರಿಗೂ ಅಷ್ಟೇ, ಮಧ್ಯೆ ಮಕ್ಕಳು ಬೆಳೆದಿರುತ್ತಾರೆ, ಕೆಲಸ ಬದಲಾಗಿರುತ್ತದೆ. "ಆ ವಿಶ್ವಕಪ್ ವರ್ಷ ನಾವು ಆ ಮನೆಯಲ್ಲಿದ್ವಿ" ಎಂದು ಜನ ವರ್ಷಗಳನ್ನು ಗುರುತಿಟ್ಟುಕೊಳ್ಳುವುದು ಹೀಗೆಯೇ.

ಮಧ್ಯೆ ಕಾಯುವುದೂ ಇದರ ಸುಖವೇ. ವೇಳಾಪಟ್ಟಿ ಬಂದ ದಿನದಿಂದಲೇ ಮನಸ್ಸು ಒಂದು ತಾರೀಖಿನ ಕಡೆ ಓಡುತ್ತಿರುತ್ತದೆ.

ಎಲ್ಲರೂ ಒಟ್ಟಿಗೆ ನೋಡುತ್ತಿದ್ದಾರೆ ಅನ್ನುವುದು ಬರೀ ಭಾವನೆಯಾ, ನಿಜಾನಾ?

ನಿಜ, ಅದನ್ನು ಅಳೆದು ನೋಡಿದ್ದಾರೆ. 1990ರ ಜುಲೈ 4ರಂದು ಇಟಲಿಯ ಟ್ಯೂರಿನ್‌ನಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ನಡುವೆ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್ ನಡೆಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಇಂಗ್ಲೆಂಡ್ ಸೋತಿತು. ಅದು ಮುಗಿದ ಕೂಡಲೇ ಬ್ರಿಟನ್ನಿನಲ್ಲಿ ವಿದ್ಯುತ್ ಬೇಡಿಕೆ ಸುಮಾರು 2,800 ಮೆಗಾವ್ಯಾಟ್‌ನಷ್ಟು ಒಮ್ಮೆಲೇ ಜಿಗಿಯಿತು. ಅಲ್ಲಿಯವರೆಗೆ ಜಾಗ ಬಿಟ್ಟು ಏಳದೆ ಕೂತಿದ್ದವರೆಲ್ಲ ಒಂದೇ ಹೊತ್ತಿಗೆ ಎದ್ದು ಅಡುಗೆಮನೆಯ ದೀಪ ಹಾಕಿ, ಚಹಾಕ್ಕೆಂದು ಎಲೆಕ್ಟ್ರಿಕ್ ಕೆಟಲ್‌ನ ಸ್ವಿಚ್ ಒತ್ತಿದ್ದರು. ಅಲ್ಲಿನ ವಿದ್ಯುತ್ ಇಲಾಖೆಯವರು ಇಂಥ ಕ್ಷಣಗಳಿಗಾಗಿ ಟಿವಿ ಕಾರ್ಯಕ್ರಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಲಕ್ಷಾಂತರ ಜನ ಒಂದೇ ಹೊತ್ತಿಗೆ ಉಸಿರು ಬಿಟ್ಟದ್ದು ಮೀಟರ್‌ನಲ್ಲಿ ಕಂಡಿತು. ನನಗಂತೂ ಇದು ತುಂಬಾ ಇಷ್ಟವಾದ ಸಂಗತಿ.

ಸರ್ಕಾರಗಳೂ ಇದನ್ನು ಒಪ್ಪಿಕೊಂಡ ಉದಾಹರಣೆಗಳಿವೆ. 1983ರಲ್ಲಿ ಹಾಯಿದೋಣಿ ರೇಸಿನ ಅಮೆರಿಕಾಸ್ ಕಪ್ಪನ್ನು ಆಸ್ಟ್ರೇಲಿಯಾ ಗೆದ್ದಿತು. 132 ವರ್ಷ ಅಮೆರಿಕದವರ ಬಳಿಯೇ ಇದ್ದ ಕಪ್ಪು ಅದು. ಇವತ್ತು ಕೆಲಸಕ್ಕೆ ಬರಲಿಲ್ಲ ಎಂದು ಯಾರನ್ನಾದರೂ ಕೆಲಸದಿಂದ ತೆಗೆಯುವ ಮಾಲೀಕ ಅಯೋಗ್ಯ ಎಂದು ಪ್ರಧಾನಿ ಬಾಬ್ ಹಾಕ್ ಟಿವಿ ಕ್ಯಾಮೆರಾ ಮುಂದೆಯೇ ಹೇಳಿದರು. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ 2–1ರಿಂದ ಅರ್ಜೆಂಟೀನಾವನ್ನು ಸೋಲಿಸಿದಾಗ ಅಲ್ಲಿನ ದೊರೆ ಮರುದಿನ ಇಡೀ ದೇಶಕ್ಕೆ ರಜೆ ಕೊಟ್ಟರು.

ಟಿವಿಯಲ್ಲಿ ಕ್ರೀಡೆ ನೋಡುವುದು ಯಾವಾಗ ಶುರುವಾಯಿತು?

ಒಲಿಂಪಿಕ್ಸ್ ಮೊದಲು ಟಿವಿಯಲ್ಲಿ ಬಂದದ್ದು 1936ರಲ್ಲಿ, ಬರ್ಲಿನ್‌ನಲ್ಲಿ. ಆಗ ಮನೆಗಳಲ್ಲಿ ಟಿವಿ ಇರಲಿಲ್ಲ, ಜನ ಊರಿನ ಸಾರ್ವಜನಿಕ ಕೋಣೆಗಳಲ್ಲಿ ಸೇರಿ ನೋಡಿದರು. ಫುಟ್‌ಬಾಲ್ ವಿಶ್ವಕಪ್ 1954ರಲ್ಲಿ ಟಿವಿಗೆ ಬಂತು. 1964ರ ಟೋಕಿಯೊ ಒಲಿಂಪಿಕ್ಸ್ ಚಿತ್ರಗಳು ಉಪಗ್ರಹದ ಮೂಲಕ ಸಾಗರ ದಾಟಿದವು. 1970ರ ಮೆಕ್ಸಿಕೊ ವಿಶ್ವಕಪ್ ಬಣ್ಣದಲ್ಲಿ ಪ್ರಸಾರವಾಯಿತು. ಆದರೂ ಹೆಚ್ಚಿನ ಮನೆಗಳಲ್ಲಿ ಕಪ್ಪು ಬಿಳುಪು ಟಿವಿಯೇ ಇದ್ದದ್ದರಿಂದ ಚೆಂಡು ಚೆನ್ನಾಗಿ ಕಾಣಲಿ ಎಂದು ಕಪ್ಪು ಬಿಳಿ ತುಂಡುಗಳನ್ನು ಹೊಲಿದ ಟೆಲ್‌ಸ್ಟಾರ್ ಚೆಂಡನ್ನು ತಂದರು. ಇವತ್ತಿಗೂ ಮಕ್ಕಳು ಫುಟ್‌ಬಾಲ್ ಚಿತ್ರ ಬರೆದರೆ ಅದೇ ಚೆಂಡು ಬರೆಯುತ್ತಾರೆ. ಮೈದಾನದ ಆಟವನ್ನೇ ಮನೆಯಲ್ಲಿ ಕೂತವರಿಗಾಗಿ ಬದಲಿಸಿದ್ದರು ನೋಡಿ.

ನಾವು ಚೆಂಡು ಮುಟ್ಟಿಯೂ ಇಲ್ಲ. ಆದರೂ "ನಾವು ಗೆದ್ವಿ" ಅನ್ನುತ್ತೇವೆ. ಇದು ಸರಿಯಾ?

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಜೊತೆಗಾರರು 1976ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಗಮನಿಸಿದರು. ವಿಶ್ವವಿದ್ಯಾಲಯದ ಟೀಮು ಗೆದ್ದರೆ ಸೋಮವಾರ ಅದರ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವ ವಿದ್ಯಾರ್ಥಿಗಳು ಜಾಸ್ತಿ. ಗೆದ್ದ ಪಂದ್ಯದ ಬಗ್ಗೆ ಮಾತಾಡುವಾಗ "ನಾವು" ಜಾಸ್ತಿ ಬರುತ್ತಿತ್ತು, ಸೋತ ಪಂದ್ಯದ ಬಗ್ಗೆ ಆದರೆ "ಅವರು".

ದಿನದ ಬದುಕಿನಲ್ಲಿ ನಾವು ಗೆಲ್ಲುವ ಸಂದರ್ಭಗಳು ಕಡಿಮೆ, ಗೆದ್ದರೂ ಅದನ್ನು ಸಾವಿರ ಜನರ ಜೊತೆ ಕೂಗಿ ಹೇಳಲಾಗುವುದಿಲ್ಲ. ಒಂದು ಟೀಮು ಆ ಅವಕಾಶ ಕೊಡುತ್ತದೆ. ಸೋತಾಗಲೂ "ನಾವು" ಅನ್ನುವವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಗೌರವ.

ನಮ್ಮ ಟೀಮು ಕೆಟ್ಟದಾಗಿ ಸೋತರೆ ಬಿಡುವು ಎಲ್ಲಿ ಬಂತು? ಇನ್ನೂ ಬೇಜಾರಾಗುವುದಿಲ್ವಾ?

ಆಗುತ್ತದೆ. 2014ರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಗೆ 1–7ರಿಂದ ಸೋತಿತು. 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಮುಖಕ್ಕೆ ಬಣ್ಣ ಬಳಿದುಕೊಂಡಿದ್ದ ಮಕ್ಕಳು ಅಳುತ್ತಿದ್ದರು.

ಆದರೆ ಈ ಬೇಜಾರಿನ ಜಾತಿಯೇ ಬೇರೆ. ಕೆಲಸದಲ್ಲಾದ ಅವಮಾನವನ್ನು ಒಬ್ಬರೇ ನುಂಗಬೇಕು. ಇದನ್ನು ಎಲ್ಲರ ಜೊತೆ ಹಂಚಿಕೊಳ್ಳಬಹುದು, ಬೈಯಬಹುದು, ಕೋಚ್ ಹೀಗೆ ಮಾಡಬೇಕಿತ್ತು ಎಂದು ರಾತ್ರಿ ಎಲ್ಲಾ ವಾದ ಮಾಡಬಹುದು. ಸಾಲ ಏರುವುದಿಲ್ಲ, ಕೆಲಸ ಹೋಗುವುದಿಲ್ಲ. ಒಂದು ಮಾತು ಮಾತ್ರ ಖಡಾಖಂಡಿತ: ಪಂದ್ಯದ ಮೇಲೆ ದುಡ್ಡು ಕಟ್ಟಿದಿರೋ, ಈ ಹಗುರತನ ಅಲ್ಲಿಗೆ ಮುಗಿಯಿತು. ಆಮೇಲೆ ಅದು ಬಿಡುವಲ್ಲ, ಇನ್ನೊಂದು ಹೊರೆ. ಸೋಲಿನ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುವುದನ್ನಂತೂ ಯಾವ ಅಭಿಮಾನವೂ ಸಮರ್ಥಿಸುವುದಿಲ್ಲ.

ಹೃದಯದ ತೊಂದರೆ ಇರುವವರು ನೋಡಬಹುದಾ?

ಇದು ತಮಾಷೆಯ ಪ್ರಶ್ನೆ ಅಲ್ಲ. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತ ವೈದ್ಯರು ಲೆಕ್ಕ ಇಟ್ಟರು. ಜರ್ಮನಿಯ ಪಂದ್ಯ ಇದ್ದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಇದ್ದವು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಈ ಅಧ್ಯಯನ 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಆದ್ದರಿಂದ ಮಾತ್ರೆ ತಪ್ಪಿಸಬೇಡಿ, ಒಬ್ಬರೇ ಕೂರಬೇಡಿ, ಡಾಕ್ಟರನ್ನು ಮೊದಲೇ ಕೇಳಿ. ಎದೆನೋವು ಬಂದರೆ ಪಂದ್ಯ ಮುಗಿಯಲಿ ಎಂದು ಕಾಯಲೇಬೇಡಿ.

ಆಟದ ನಿಯಮವೇ ಗೊತ್ತಿಲ್ಲ. ನನಗೂ ಇದರಲ್ಲಿ ಏನಾದರೂ ಇದೆಯಾ?

ಧಾರಾಳವಾಗಿ ಇದೆ. ಒಲಿಂಪಿಕ್ಸ್ ನೋಡುವ ಹೆಚ್ಚಿನವರಿಗೆ ಅಲ್ಲಿನ ಅರ್ಧ ಆಟಗಳ ನಿಯಮ ಗೊತ್ತಿರುವುದಿಲ್ಲ. ಹತ್ತು ನಿಮಿಷ ನೋಡಿ, ಯಾರು ಯಾವುದಕ್ಕಾಗಿ ಒದ್ದಾಡುತ್ತಿದ್ದಾರೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇಕ್ವಟೋರಿಯಲ್ ಗಿನಿ ದೇಶದ ಎರಿಕ್ ಮೂಸಂಬಾನಿ 100 ಮೀಟರ್ ಈಜಿಗೆ ಬಂದಿದ್ದರು. ಸಿಡ್ನಿಗೆ ಬರುವ ಮೊದಲು ಅವರು 50 ಮೀಟರ್ ಉದ್ದದ ಈಜುಕೊಳವನ್ನೇ ಕಂಡಿರಲಿಲ್ಲ. ಅವರ ಹೀಟ್‌ನಲ್ಲಿದ್ದ (ಮೊದಲ ಸುತ್ತಿನ ಗುಂಪಿನಲ್ಲಿದ್ದ) ಇನ್ನಿಬ್ಬರು ಮೊದಲೇ ನೀರಿಗೆ ಹಾರಿ ಅನರ್ಹರಾದರು. ಇವರೊಬ್ಬರೇ ಈಜಬೇಕಾಯಿತು. ಮೊದಲ 50 ಮೀಟರ್ ಹೇಗೋ ಆಯಿತು. ವಾಪಸ್ ಬರುವಾಗ ಕೈ ಎತ್ತಲೂ ಕಷ್ಟ, ನಡುವಲ್ಲೇ ನಿಂತುಬಿಡುತ್ತಾರೇನೋ ಅನ್ನುವ ಸ್ಥಿತಿ. ಇಡೀ ಸ್ಟೇಡಿಯಂ ಎದ್ದು ಕೂಗಿತು. 1 ನಿಮಿಷ 52.72 ಸೆಕೆಂಡಿಗೆ ಅವರು ಗೋಡೆ ಮುಟ್ಟಿದರು. ಇದನ್ನು ನೋಡಿ ಕೂಗಲು ಈಜಿನ ನಿಯಮ ಗೊತ್ತಿರಬೇಕಾ?

ನಿಮ್ಮ ದೇಶದವರು ಇಲ್ಲದಿದ್ದರೂ ಪರವಾಗಿಲ್ಲ. 2021ರಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಕತಾರ್‌ನ ಬಾರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ಹಾರಿ ಸಮನಾಗಿದ್ದರು. ಇನ್ನೊಮ್ಮೆ ಹಾರಿ ತೀರ್ಮಾನ ಮಾಡಬಹುದು ಎಂದು ಅಧಿಕಾರಿ ಹೇಳುತ್ತಿದ್ದಾಗ ಬಾರ್ಶಿಮ್, ಎರಡು ಚಿನ್ನ ಕೊಡಬಹುದಾ ಎಂದು ಕೇಳಿದರು. ಕೊಡಬಹುದು ಎಂಬ ಉತ್ತರ ಬರುತ್ತಿದ್ದಂತೆ ತಂಬೇರಿ ಗೆಳೆಯನ ಮೇಲೆ ಎಗರಿ ಅಪ್ಪಿಕೊಂಡರು. ಅಂಥದ್ದನ್ನು ನೋಡಿದ ಮೇಲೆ ಯಾರ ಕಡೆಯವರು ಅನ್ನುವ ಪ್ರಶ್ನೆಯೇ ಬರಲ್ಲ.

ನಡುರಾತ್ರಿ ಪಂದ್ಯ ಇದ್ದರೆ ಏನು ಮಾಡಬೇಕು?

ಎಲ್ಲವನ್ನೂ ನೋಡಲು ಹೋಗಬೇಡಿ. ದೊಡ್ಡ ಪಂದ್ಯಗಳ ಹೊತ್ತನ್ನು ಹೆಚ್ಚು ದುಡ್ಡು ಕೊಡುವ ಟಿವಿ ಮಾರುಕಟ್ಟೆಗೆ ಹೊಂದಿಸಿಯೇ ಇಡುತ್ತಾರೆ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಬಾಕ್ಸಿಂಗ್ ಶುರುವಾದದ್ದು ಅಲ್ಲಿನ ಬೆಳಗಿನ ಜಾವ 4 ಗಂಟೆಗೆ, ಅಮೆರಿಕದ ಪ್ರೇಕ್ಷಕರಿಗಾಗಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿನ ಫೈನಲ್‌ಗಳನ್ನು ಬೆಳಗ್ಗೆ ಇಟ್ಟದ್ದೂ ಇದೇ ಕಾರಣಕ್ಕೆ. ಆಟಗಾರರೇ ಹೊಂದಿಕೊಳ್ಳುತ್ತಾರೆ ಅಂದ ಮೇಲೆ ನಾವೂ ಸ್ವಲ್ಪ ಲೆಕ್ಕ ಹಾಕಬೇಕು.

ಮುಂಚೆಯೇ ಕೂತು ಯಾವ ಪಂದ್ಯಕ್ಕೆ ನಿದ್ದೆ ಬಿಡುತ್ತೀರಿ ಎಂದು ತೀರ್ಮಾನಿಸಿ. ಫೈನಲ್, ಸೆಮಿಫೈನಲ್, ನಿಮ್ಮ ಟೀಮಿನ ಪಂದ್ಯ, ಇಷ್ಟು ಸಾಕು. ಹಿಂದಿನ ಸಂಜೆ ಬೇಗ ಮಲಗಿ ಅಲಾರಂ ಇಟ್ಟು ಏಳುವುದು, ಮಲಗದೆ ಕಾಯುವುದಕ್ಕಿಂತ ಮೇಲು. ಮರುದಿನ ದೂರದ ದಾರಿ ಡ್ರೈವ್ ಮಾಡಬೇಕಿದ್ದರೆ ಪಂದ್ಯ ಬಿಡಿ. ಇದರಲ್ಲಿ ರಾಜಿ ಬೇಡ.

ಹೈಲೈಟ್ಸ್ ನೋಡಿದರೆ ಸಾಕಲ್ವಾ? ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ವಿಷಯ ತಿಳಿಯಲು ಸಾಕು, ಬಿಡುವಿಗೆ ಸಾಲದು. ಏನೂ ಆಗದ ಆ ಇಪ್ಪತ್ತು ನಿಮಿಷ ಕೂತಿದ್ದರಿಂದಲೇ ಗೋಲು ಬಂದಾಗ ಕುರ್ಚಿಯಿಂದ ಎದ್ದು ಕುಣಿಯುತ್ತೇವೆ. 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ 79 ನಿಮಿಷದವರೆಗೆ ಅರ್ಜೆಂಟೀನಾ 2–0 ಮುಂದಿತ್ತು, ಫ್ರಾನ್ಸ್ ಆಡುತ್ತಿದೆಯಾ ಎಂದು ಕೇಳುವ ಹಾಗಿತ್ತು. ಆಮೇಲೆ ಎರಡು ನಿಮಿಷದೊಳಗೆ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದರು. ಆ 79 ನಿಮಿಷ ನೋಡದವರಿಗೆ ಈ ಎರಡು ನಿಮಿಷದ ಬೆಲೆ ಪೂರ್ತಿ ಗೊತ್ತಾಗದು.

ಪಂದ್ಯ ನೋಡುತ್ತಾ ಮೊಬೈಲ್ ನೋಡಬಹುದಾ?

ದೂರ ಇಡಿ. ಇಡೀ ದಿನ ನಮ್ಮನ್ನು ಚೂರುಚೂರು ಮಾಡುವುದು ಅದೇ. ಇನ್ನೊಂದು ಲಾಭವೂ ಇದೆ: ಆನ್‌ಲೈನ್‌ನಲ್ಲಿ ಪ್ರಸಾರ ಎಷ್ಟೋ ಸಲ ಅರ್ಧ ನಿಮಿಷ ತಡವಾಗಿ ಬರುತ್ತದೆ. ಬೌಲರ್ ಓಡಿ ಬರುವ ಮೊದಲೇ ನೋಟಿಫಿಕೇಶನ್ "ಔಟ್" ಅಂದುಬಿಟ್ಟರೆ ರಸವೇ ಹೋಯಿತು.

ಮನೆಯಲ್ಲಿ ಬೇರೆ ಯಾರಿಗೂ ಇಷ್ಟ ಇಲ್ಲದಿದ್ದರೆ?

ಅವರ ದಿನಚರಿಯನ್ನು ಕೆಡಿಸಿ ನಿಮ್ಮ ಬಿಡುವು ಪಡೆಯಬೇಡಿ. ಪಂದ್ಯದ ದಿನ ಮನೆಗೆಲಸವೆಲ್ಲ ಒಬ್ಬರ ತಲೆಗೆ ಬಿದ್ದರೆ, ಅವರಿಗೆ ವಿಶ್ವಕಪ್ ಅಂದರೆ ಹೆಚ್ಚಿನ ದುಡಿಮೆ ಅಷ್ಟೇ. ನಿಮ್ಮ ಪಾಲಿನದ್ದನ್ನು ಮೊದಲೇ ಮುಗಿಸಿ. ಯಾವ ದಿನ ಟಿವಿ ಬೇಕು ಎಂದು ವಾರದ ಮುಂಚೆ ಹೇಳಿ. ಆಸಕ್ತಿ ಇಲ್ಲದವರಿಗೆ ನಿಯಮ ವಿವರಿಸಬೇಡಿ, ಆಟಗಾರರ ಕಥೆ ಹೇಳಿ. ಎಷ್ಟೋ ಜನ ಹಾಗೇ ಬಂದು ಪಕ್ಕದಲ್ಲಿ ಕೂರುತ್ತಾರೆ.

ಜಗತ್ತಿನಲ್ಲಿ ಇಷ್ಟೆಲ್ಲ ಸಮಸ್ಯೆ ಇರುವಾಗ ಇದು ಓಡಿಹೋಗುವುದಲ್ವಾ?

ಸಮಸ್ಯೆಗಳನ್ನು ಮರೆಸಲು ಕ್ರೀಡೆಯನ್ನು ಬಳಸಿಕೊಂಡ ಆಳುವವರು ಇದ್ದಾರೆ. ಹಿಟ್ಲರ್ ಆಳ್ವಿಕೆಯಲ್ಲಿ ನಡೆದ 1936ರ ಬರ್ಲಿನ್ ಒಲಿಂಪಿಕ್ಸ್ ಅದಕ್ಕೆ ದೊಡ್ಡ ಸಾಕ್ಷಿ. ಹಾಗಾಗಿ ಕಣ್ಣು ತೆರೆದೇ ನೋಡಬೇಕು. ಯಾರು ನಡೆಸುತ್ತಿದ್ದಾರೆ, ಆ ಸ್ಟೇಡಿಯಂ ಕಟ್ಟಿದ ಕೂಲಿಗಳಿಗೆ ಏನಾಯಿತು ಎಂದು ಕೇಳಬೇಕು. ಕೇಳುತ್ತಲೇ ಆಟವನ್ನೂ ಪ್ರೀತಿಸಬಹುದು.

ಯಾಕೆಂದರೆ ಅಲ್ಲಿ ಕಾಣುವುದು ಬರೀ ಮರೆವಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಡೆರೆಕ್ ರೆಡ್ಮಂಡ್ 400 ಮೀಟರ್ ಸೆಮಿಫೈನಲ್ ಓಡುತ್ತಿದ್ದಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಕೆಳಗೆ ಕೂತರು, ಮತ್ತೆ ಎದ್ದು ಕುಂಟುತ್ತಾ ಹೊರಟರು. ಗ್ಯಾಲರಿಯಿಂದ ಅವರ ಅಪ್ಪ ಕಾವಲಿನವರನ್ನು ತಳ್ಳಿಕೊಂಡು ಟ್ರ್ಯಾಕಿಗೆ ಇಳಿದರು. ಮಗ ಅಪ್ಪನ ಹೆಗಲಿಗೆ ಮುಖ ಒತ್ತಿ ಅಳುತ್ತಾ ಗೆರೆ ದಾಟಿದ. ದಾಖಲೆ ಪುಸ್ತಕದಲ್ಲಿ ಅವರು ಓಟ ಮುಗಿಸಿದವರ ಪಟ್ಟಿಯಲ್ಲಿಲ್ಲ. ಟಿವಿಯಲ್ಲಿ ನೋಡಿದವರಿಗೆ ಆ ಓಟ ಗೆದ್ದವರ ಹೆಸರು ನೆನಪಿಲ್ಲ, ಇವರ ಹೆಸರಿದೆ. ಅದನ್ನು ನೋಡಿದ ಅಪ್ಪಂದಿರು, ಮಕ್ಕಳು ತಮ್ಮ ತಮ್ಮ ಮನೆಯ ಬಗ್ಗೆಯೇ ಯೋಚಿಸಿರುತ್ತಾರೆ. ಅದನ್ನು ಓಡಿಹೋಗುವುದು ಎಂದು ನಾನು ಕರೆಯಲಾರೆ.

ಟೂರ್ನಿ ಮುಗಿದ ಮೇಲೆ ಎಲ್ಲಾ ಖಾಲಿ ಖಾಲಿ ಅನ್ನಿಸುತ್ತದೆ. ಏನು ಮಾಡೋದು?

ಎರಡು ಮೂರು ದಿನ ಹಾಗೆ ಅನ್ನಿಸುವುದು ಸಹಜ. ಫೈನಲ್ ಬಗ್ಗೆ ಮಾತಾಡಿ, ನಿಧಾನವಾಗಿ ಇಳಿಯಲಿ. ಸಾಧ್ಯವಾದರೆ ನೋಡಿದ ಆಟವನ್ನೇ ಸ್ವಲ್ಪ ಆಡಿ. ಜೊತೆಗೆ ಕೂತು ನೋಡಿದವರನ್ನು ಪಂದ್ಯ ಇಲ್ಲದ ಸಂಜೆಯೂ ಕರೆಯಿರಿ.

ಮುಂದೆ ಏನಿದೆ?

2027ರಲ್ಲಿ ಬ್ರೆಜಿಲ್‌ನಲ್ಲಿ ಮಹಿಳೆಯರ ಫುಟ್‌ಬಾಲ್ ವಿಶ್ವಕಪ್. ಅದೇ ವರ್ಷ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾದಲ್ಲಿ ಪುರುಷರ ಏಕದಿನ ಕ್ರಿಕೆಟ್ ವಿಶ್ವಕಪ್. 2028ರ ಜುಲೈ 14ರಿಂದ 30ರವರೆಗೆ ಲಾಸ್ ಏಂಜಲೀಸ್ ಒಲಿಂಪಿಕ್ಸ್. 1900ರಲ್ಲಿ ಒಂದೇ ಒಂದು ಪಂದ್ಯ ಆಡಿ ಬಿಟ್ಟುಹೋಗಿದ್ದ ಕ್ರಿಕೆಟ್ ಈ ಸಲ ಒಲಿಂಪಿಕ್ಸ್‌ಗೆ ವಾಪಸ್ ಬರುತ್ತಿದೆ. ವೇಳಾಪಟ್ಟಿ ಸಿಕ್ಕ ಕೂಡಲೇ ರಜೆ ಕೇಳಿಡಿ.